ತೆರೆಯನೇರಿದ ತರುಣರು: ಮೂಲ್ಕಿಯ ಸರ್ಫಿಂಗ್ ಸಂಘದ ಸಂಕ್ಷಿಪ್ತ ಚರಿತ್ರೆ

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದೊಡನೆ ಇಗರ್ಜಿಯ ಕಟ್ಟೋಣ, ಅದಕ್ಕಾಗಿ ಕಲ್ಲು ಮರ ಹೊತ್ತ ಹಿರಿಯರು, ಸೇವೆ ಸಲ್ಲಿಸಿದ ಗುರುಗಳು, ಶಾಲೆ, ಸೊಡಾಲಿಟಿ, ಸಂತ ವಿನ್ಸೆಂಟ್ ಪಾವ್ಲರ ಸಭೆ ಇವುಗಳ ವೃತ್ತಾಂತವೇ ವಾಚಕರ ಕಣ್ಣಮುಂದೆ ನಿಲ್ಲುವುದು ಸಹಜ. ಅವೆಲ್ಲ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಯಥಾಯೋಗ್ಯವಾಗಿ ನಿರೂಪಿತವಾಗಿವೆ. ಆದರೆ ಧರ್ಮಕೇಂದ್ರವೊಂದರ ಚರಿತ್ರೆ ಅದರ ಆವರಣದ ಗೋಡೆಯೊಳಗೆ ಮುಗಿಯುವಂಥದಲ್ಲ. ನಮ್ಮ ಮಕ್ಕಳು ಎಲ್ಲಿ ಆಡುತ್ತಾರೆ, ಯಾರೊಡನೆ ಬೆರೆಯುತ್ತಾರೆ, ಯಾವುದರಿಂದ ಧೈರ್ಯ ಕಲಿಯುತ್ತಾರೆ ಎಂಬುದೂ ನಮ್ಮ ಚರಿತ್ರೆಯ ಭಾಗವೇ ಸರಿ. ಕಳೆದ ಎರಡು ದಶಕಗಳಲ್ಲಿ ಈ ಸೀಮೆಯ ತರುಣ ಜನಾಂಗದ ಬಾಯಲ್ಲಿ ಕ್ರಿಕೆಟ್ಟು, ವಾಲಿಬಾಲುಗಳ ಜತೆಗೆ ಹೊಸದೊಂದು ಆಟದ ಹೆಸರು ಕೇಳಿಬರುತ್ತಿದೆ. ಅದೇ ಸರ್ಫಿಂಗ್, ಅರ್ಥಾತ್ ಹಲಗೆಯ ಮೇಲೆ ನಿಂತು ಕಡಲತೆರೆಯ ಮೇಲೆ ಸವಾರಿ ಮಾಡುವ ಕ್ರೀಡೆ. ಈ ಆಟದ ಭಾರತದ ಮೊದಲ ಸಂಘ ಹುಟ್ಟಿದ್ದು ದೊಡ್ಡ ಪಟ್ಟಣದಲ್ಲಲ್ಲ, ನಮ್ಮ ಮೂಲ್ಕಿಯಲ್ಲಿ. ಆ ಸಂಘದ ಕಥೆಯನ್ನು ಯಥಾಶಕ್ತಿ ಇಲ್ಲಿ ಒಪ್ಪಿಸುತ್ತಿದ್ದೇವೆ.

ಹೊಳೆ, ಕಡಲು ಮತ್ತು ನಾವು

ಮೂಲ್ಕಿಯ ಪರಿಚಯವನ್ನು ಇಲ್ಲಿನ ವಾಚಕರಿಗೆ ಮಾಡಿಕೊಡುವ ಅಗತ್ಯವಿಲ್ಲ. ಶಾಂಭವೀ ನದಿಯ ದಂಡೆಯ ಈ ಊರು ಹಿಂದಿನಿಂದಲೂ ಹಲವು ಮತಗಳ ಜನ ಕೂಡಿ ಬಾಳಿದ ಸ್ಥಳ. ಬಪ್ಪನಾಡಿನ ದುರ್ಗಾಪರಮೇಶ್ವರಿ ದೇವಸ್ಥಾನದ ಹೆಸರಿನೊಡನೆ ಬಪ್ಪ ಬ್ಯಾರಿ ಎಂಬ ಮುಸಲ್ಮಾನ ವರ್ತಕನ ಹೆಸರನ್ನು ಐತಿಹ್ಯ ಜೋಡಿಸಿದೆ. ಬಾಸೆಲ್ ಮಿಶನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇಲ್ಲಿ ನೆಲೆಯೂರಿದ್ದರು. ದಕ್ಷಿಣಕ್ಕೆ ಸಸಿಹಿತ್ಲಿನ ಬಳಿ ಶಾಂಭವೀ ಹಾಗೂ ನಂದಿನೀ ನದಿಗಳು ಕೂಡಿ ಸಮುದ್ರವನ್ನು ಸೇರುತ್ತವೆ. ಒಂದು ಮಗ್ಗುಲಲ್ಲಿ ಹೊಳೆ, ಇನ್ನೊಂದು ಮಗ್ಗುಲಲ್ಲಿ ಕಡಲು, ನಡುವೆ ತೆಂಗಿನ ಸಾಲುಳ್ಳ ಮರಳಿನ ಪಟ್ಟಿ. ಇದೇ ನಮ್ಮ ಕಥೆಯ ರಂಗಸ್ಥಳ.

ಕಡಲಿನೊಡನೆ ನಮ್ಮ ಕಥೋಲಿಕ ಕುಟುಂಬಗಳ ಸಂಬಂಧ ವಿಚಿತ್ರವಾದದ್ದು. ನಮ್ಮ ಪೂರ್ವಜರು ಗೋವೆಯಿಂದ ಈ ಕರಾವಳಿಗೆ ಬಂದು ನೆಲೆಸಿದವರು. ಆದರೆ ನೆಲೆಸಿದ ಮೇಲೆ ಅವರು ಬಹುಮಟ್ಟಿಗೆ ಸಮುದ್ರಕ್ಕೆ ಬೆನ್ನು ಮಾಡಿ ಗದ್ದೆಗಳ ಕಡೆಗೆ ಮುಖ ಮಾಡಿದರು. ಗೇಣಿಯ ಬೇಸಾಯ, ಮಲ್ಲಿಗೆಯ ತೋಟ, 1974ರ ಭೂಸುಧಾರಣಾ ಕಾನೂನಿನ ತರುವಾಯ ಸ್ವಂತದ ತುಂಡು ನೆಲ, ಅನಂತರ ಮುಂಬಯಿ ಮತ್ತು ಗಲ್ಫ್ ದೇಶಗಳ ದುಡಿಮೆ, ಹೀಗೆ ಸಾಗಿತು ನಮ್ಮ ಬಾಳು. ಕಡಲು ಮೊಗವೀರ ಬಾಂಧವರದಾಗಿ ಉಳಿಯಿತು. ಶ್ರಾವಣದ ಹುಣ್ಣಿಮೆಯಂದು ಅವರು ಸಮುದ್ರಕ್ಕೆ ಹಾಲೆರೆದು ಪೂಜಿಸುವಾಗ ನಮ್ಮವರು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ತೆನೆಗಳು ಬಲಿತವೇ ಎಂದು ಗದ್ದೆಯ ಬದುವಿನಲ್ಲಿ ನಿಂತು ನೋಡುತ್ತಿದ್ದರು. 'ಕಡಲ ಕಡೆಗೆ ಹೋಗಬೇಡ' ಎಂಬುದು ನಮ್ಮ ತಾಯಂದಿರು ಮಕ್ಕಳಿಗೆ ಹೇಳುತ್ತಿದ್ದ ಹನ್ನೊಂದನೆಯ ಕಟ್ಟಳೆಯಾಗಿತ್ತೆಂದರೆ ಅತಿಶಯೋಕ್ತಿಯಲ್ಲ. ಆ ಭಯಕ್ಕೆ ಕಾರಣವಿಲ್ಲದೆ ಇರಲಿಲ್ಲ. ರಜೆಯ ದಿನಗಳಲ್ಲಿ ನೀರಿಗಿಳಿದು ಮರಳಿ ಬಾರದ ಮಕ್ಕಳ ದುಃಖವನ್ನು ಈ ಕರಾವಳಿಯ ಯಾವ ಧರ್ಮಕೇಂದ್ರ ತಾನೆ ಅರಿಯದು?

ಆಟದ ತವರುಮನೆ

ಈ ಕ್ರೀಡೆಯ ತವರು ಶಾಂತಸಾಗರದ ದ್ವೀಪಗಳು, ವಿಶೇಷವಾಗಿ ಹವಾಯಿ. ಕ್ಯಾಪ್ಟನ್ ಕುಕ್ಕನ ಹಡಗುಗಳು 1778ರಲ್ಲಿ ಅಲ್ಲಿಗೆ ತಲಪಿದಾಗ ಅರಸರೂ ಪ್ರಜೆಗಳೂ ಗಂಡಸರೂ ಹೆಂಗಸರೂ ಮರದ ಹಲಗೆಗಳ ಮೇಲೆ ತೆರೆಗಳನ್ನೇರಿ ದಡಕ್ಕೆ ಧಾವಿಸುತ್ತಿದ್ದ ದೃಶ್ಯ ಐರೋಪ್ಯರನ್ನು ಬೆರಗುಗೊಳಿಸಿತು. ಅಲ್ಲಿನವರಿಗೆ ಅದು ಬರಿಯ ವಿನೋದವಾಗಿರಲಿಲ್ಲ. ಮರವನ್ನು ಕಡಿಯುವ ಮೊದಲು ಪ್ರಾರ್ಥನೆ, ಹಲಗೆ ಸಿದ್ಧವಾದ ಮೇಲೆ ಮತ್ತೆ ಪ್ರಾರ್ಥನೆ, ಹೀಗೆ ಜೀವನದ ಸಮಸ್ತ ಕ್ರಮದೊಡನೆ ಅದು ಹೆಣೆದುಕೊಂಡಿತ್ತು.

1820ರಲ್ಲಿ ಬಾಸ್ಟನ್ ಕಡೆಯಿಂದ ಬಂದ ಪ್ರೊಟೆಸ್ಟೆಂಟ್ ಮಿಶನರಿಗಳಿಗೆ ಈ ಆಟ ರುಚಿಸಲಿಲ್ಲ. ಅದಕ್ಕೆ ಅಂಟಿಕೊಂಡಿದ್ದ ಜೂಜು, ಅರೆಬತ್ತಲೆಯ ವೇಷ, ಸ್ತ್ರೀಪುರುಷರ ಸಹವಾಸ ಅವರ ಕಣ್ಣಿಗೆ ದೋಷವಾಗಿ ತೋರಿದವು. ಆಟ ಕ್ಷೀಣಿಸಿತು. ಆದರೆ ಅದರ ಹೊಣೆಯನ್ನೆಲ್ಲ ಮಿಶನರಿಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಡಗುಗಳೊಂದಿಗೆ ಬಂದ ಸಿಡುಬು, ದಡಾರ ಮುಂತಾದ ಹೊಸ ರೋಗಗಳಿಂದ ಲಕ್ಷಗಟ್ಟಲೆ ಇದ್ದ ಆ ಜನಾಂಗವು 1890ರ ಹೊತ್ತಿಗೆ ಸುಮಾರು 40,000ಕ್ಕೆ ಇಳಿದಿತ್ತು. ಆಡುವವರೇ ಇಲ್ಲದೆ ಹೋದಾಗ ಆಟವೆಲ್ಲಿಯದು? ಅದೇ ದ್ವೀಪಗಳ ಮೊಲೊಕಾಯಿಯಲ್ಲಿ 1873ರಿಂದ 1889ರ ತನಕ ಕುಷ್ಠರೋಗಿಗಳ ಸೇವೆಗೈದು ಅದೇ ರೋಗದಿಂದ ಪ್ರಾಣವಿತ್ತ ಸಂತ ದಮಿಯಾನರನ್ನು ನಾವು ಬಲ್ಲೆವು. ಅವರು ಮುಡಿಪಾದದ್ದು ಇದೇ ನೊಂದ ಜನಾಂಗಕ್ಕೆ ಎಂಬುದನ್ನು ನೆನೆದರೆ ಈ ಆಟದ ಚರಿತ್ರೆಯೂ ನಮಗೆ ತೀರ ಹೊರಗಿನದೆನಿಸದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಟ ಪುನಃ ಚಿಗುರಿತು. 1908ರಲ್ಲಿ ಹೊನೊಲುಲುವಿನ ವೈಕಿಕಿಯಲ್ಲಿ ಔಟ್‌ರಿಗರ್ ಕನೂ ಕ್ಲಬ್ ಸ್ಥಾಪನೆಯಾಯಿತು. ಹವಾಯಿಯ ಕುವರ ಡ್ಯೂಕ್ ಕಹನಮೊಕು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಈಜಿನ ಚಿನ್ನದ ಪದಕ ಗಳಿಸಿ, ಅನಂತರ ದೇಶದೇಶಗಳಲ್ಲಿ ಅಲೆಸವಾರಿಯ ಪ್ರದರ್ಶನ ನೀಡಿದರು. 1915ರ ಜನವರಿಯಲ್ಲಿ ಸಿಡ್ನಿಯ ಫ್ರೆಶ್‌ವಾಟರ್ ಕಡಲತೀರದಲ್ಲಿ ಅವರು ತೋರಿದ ಕೌಶಲ ಆಸ್ಟ್ರೇಲಿಯಾದ ಜನರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು.

ಆ ದೇಶದ ಕಡಲತೀರದ ಸಂಘಗಳ ಇನ್ನೊಂದು ಗುಣವನ್ನು ಇಲ್ಲಿ ಹೇಳಲೇಬೇಕು. ಅಲ್ಲಿ 1907ರ ಸುಮಾರಿಗೆ ಹುಟ್ಟಿದ ಸಂಘಗಳು ಮೊದಲಿಗೆ ಜೀವರಕ್ಷಣೆಯ ಸಂಘಗಳು. ಸದಸ್ಯರು ಸಂಬಳವಿಲ್ಲದೆ ಸರದಿಯಂತೆ ಕಾವಲು ನಿಂತು ಮುಳುಗುವವರನ್ನು ಎತ್ತುತ್ತಿದ್ದರು. 1938ರ ಫೆಬ್ರವರಿ 6ರ ಭಾನುವಾರ ಸಿಡ್ನಿಯ ಬಾಂಡೈ ತೀರದಲ್ಲಿ ಒಂದರ ಹಿಂದೊಂದು ಬಂದ ಭಾರಿ ತೆರೆಗಳು ನೂರಾರು ಜನರನ್ನು ಒಮ್ಮೆಗೇ ಒಳಕ್ಕೆ ಸೆಳೆದುಕೊಂಡವು. ಸಂಘದ ತರುಣರು ಸುಮಾರು 250 ಮಂದಿಯನ್ನು ದಡಕ್ಕೆ ತಂದರು. ಸತ್ತವರು 5 ಮಂದಿ. ಕಡಲನ್ನು ಬಲ್ಲ ತರುಣರ ತಂಡವೊಂದು ದಡದಲ್ಲಿದ್ದರೆ ಏನಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಮೂಲ್ಕಿಗೆ ಬಂದ ಸನ್ಯಾಸಿ

ಇನ್ನು ನಮ್ಮ ಊರಿನ ಕಥೆ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಜ್ಯಾಕ್ ಹೆಬ್ನರ್ ಎಂಬ ಯುವಕರು 1963ರ ಸುಮಾರಿಗೆ ಸರ್ಫಿಂಗ್ ಕಲಿತರು. ಮುಂದೆ ಅವರು ಚೈತನ್ಯ ಪರಂಪರೆಯ ವೈಷ್ಣವ ಮತಕ್ಕೆ ಒಲಿದು 1970ರ ದಶಕದಲ್ಲಿ ಸನ್ಯಾಸ ಸ್ವೀಕರಿಸಿ ಭಾರತಕ್ಕೆ ಬಂದರು. ಕಾವಿ ಉಟ್ಟರೂ ಕಡಲಿನ ಮೋಹವನ್ನು ಅವರು ಬಿಡಲಿಲ್ಲ. ಮೂಲ್ಕಿಯ ನದೀತೀರದಲ್ಲಿ ಅವರೂ ಅವರ ಶಿಷ್ಯರೂ ಆಶ್ರಮವೊಂದನ್ನು ಕಟ್ಟಿಕೊಂಡು, 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಎಂಬ ಸಂಘವನ್ನು ಸ್ಥಾಪಿಸಿದರು. ಭಾರತದಲ್ಲಿ ಈ ಕ್ರೀಡೆಯ ಮೊತ್ತಮೊದಲ ಸಂಘವೆಂಬ ಮನ್ನಣೆ ಇದಕ್ಕಿದೆ. ಜನರು ಹೆಬ್ನರರನ್ನು 'ಸರ್ಫಿಂಗ್ ಸ್ವಾಮಿ' ಎಂದೇ ಕರೆದರು.

ಆಶ್ರಮದ ನಿಯಮಗಳು ಕಟ್ಟುನಿಟ್ಟಾಗಿದ್ದವು. ಮುಂಜಾನೆ ಏಳಬೇಕು, ಜಪ ಪ್ರಾರ್ಥನೆಗಳು ಆಗಬೇಕು, ಆಹಾರ ಸಾತ್ವಿಕವಾಗಿರಬೇಕು, ಮದ್ಯಪಾನ ಧೂಮಪಾನಗಳು ನಿಷಿದ್ಧ. ಪಾಶ್ಚಾತ್ಯ ದೇಶಗಳಲ್ಲಿ ಈ ಆಟಕ್ಕೆ ಸೋಮಾರಿತನದ, ಸ್ವೇಚ್ಛಾಚಾರದ ಕಳಂಕ ಅಂಟಿದ್ದ ಕಾಲವೊಂದಿತ್ತು. ಇಲ್ಲಿ ಅದೇ ಆಟ ಶಿಸ್ತಿನ ಸೋದರನಾಗಿ ಬಂದಿತು. ಗುರುಮಠದ ದಿನಚರಿಯಲ್ಲಿ ಬೆಳೆದ ನಮ್ಮಂಥವರಿಗೆ, ಗಂಟೆಯ ಸದ್ದಿಗೆ ಎದ್ದು, ಮೌನದಲ್ಲಿ ಪ್ರಾರ್ಥಿಸಿ, ಅನಂತರ ಆಟಕ್ಕೆ ಹೋಗುವ ಈ ಕ್ರಮ ಅಪರಿಚಿತವೆನಿಸುವುದಿಲ್ಲ.

ಆ 2004ನೆಯ ವರ್ಷವನ್ನು ವಾಚಕರು ಮರೆತಿರಲಾರರು. ಕ್ರಿಸ್ಮಸ್ಸಿನ ಮರುದಿನ, ಡಿಸೆಂಬರ್ 26ರ ಭಾನುವಾರ, ಸುನಾಮಿಯ ತೆರೆಗಳು ಪೂರ್ವ ಕರಾವಳಿಯ ಮೇಲೆರಗಿ ನಮ್ಮ ದೇಶವೊಂದರಲ್ಲಿಯೇ ಹತ್ತು ಸಾವಿರಕ್ಕೂ ಮಿಕ್ಕಿದ ಜನರನ್ನು ಬಲಿ ತೆಗೆದುಕೊಂಡವು. ವೇಳಾಂಗಣ್ಣಿ ಮಾತೆಯ ದರ್ಶನಕ್ಕೆ ಬಂದಿದ್ದ ಯಾತ್ರಿಕರೂ ಅದರಲ್ಲಿ ಸೇರಿದ್ದರು. ಕಡಲೆಂದರೆ ಮೃತ್ಯು ಎಂದು ದೇಶವೇ ಬೆದರಿದ ಆ ವರ್ಷದಲ್ಲಿಯೇ, ಕಡಲನ್ನು ಅರಿತು ಅದರೊಡನೆ ಬಾಳಬಹುದು ಎಂದು ಕಲಿಸುವ ಚಿಕ್ಕದೊಂದು ಸಂಘ ಪಶ್ಚಿಮ ಕರಾವಳಿಯಲ್ಲಿ ಕಣ್ತೆರೆದಿತ್ತು. ಇದನ್ನು ಕಾಕತಾಳೀಯವೆನ್ನುವವರು ಎನ್ನಲಿ. ನಮಗಂತೂ ಇದರಲ್ಲಿ ಚಿಂತನೆಗೆ ವಸ್ತುವಿದೆ.

ತೆರೆಯ ಗುಟ್ಟು

ಇದೇ ತೀರ ಏಕೆ ಎಂಬ ಪ್ರಶ್ನೆ ಏಳಬಹುದು. ತೆರೆಗಳು ನಮ್ಮ ದಡದಲ್ಲಿ ಹುಟ್ಟುವುದಿಲ್ಲ. ಹಿಂದೂ ಮಹಾಸಾಗರದ ದಕ್ಷಿಣದ ಬಿರುಗಾಳಿಗಳಲ್ಲಿ ಹುಟ್ಟಿದ ಉಬ್ಬರಗಳು ಸಾವಿರಾರು ಮೈಲಿಗಳ ಪ್ರಯಾಣದಲ್ಲಿ ತಮ್ಮ ಒರಟುತನ ಕಳೆದು ಸಾಲುಗಟ್ಟಿ ಬರುತ್ತವೆ. ದಡ ಸಮೀಪಿಸಿ ನೀರು ತೆಳುವಾದಂತೆ ತೆರೆಯ ಅಡಿಭಾಗದ ವೇಗ ತಗ್ಗುತ್ತದೆ, ಶಿರ ಮುಂದಕ್ಕೆ ಬಾಗುತ್ತದೆ. ನೀರಿನ ಆಳವು ತೆರೆಯ ಎತ್ತರಕ್ಕಿಂತ ಕಾಲುಭಾಗದಷ್ಟು ಮಾತ್ರ ಹೆಚ್ಚಿರುವಲ್ಲಿ ಅದು ಒಡೆದು ಬೀಳುತ್ತದೆ. ನದಿಗಳು ತಂದು ಸುರಿದ ಮರಳಿನ ದಿಬ್ಬಗಳು ಅಳಿವೆಯ ಬಳಿ ಇರುವುದರಿಂದ ಸಸಿಹಿತ್ಲಿನಂತಹ ಕಡೆ ತೆರೆಗಳು ದಡದಿಂದ ದೂರದಲ್ಲಿಯೇ ಕ್ರಮವಾಗಿ ಒಡೆದು, ಸವಾರನಿಗೆ ದೀರ್ಘವಾದ ಹಾದಿಯನ್ನು ಕೊಡುತ್ತವೆ. ಮಳೆಗಾಲಕ್ಕೆ ಮುಂಚಿನ ಮೇ ತಿಂಗಳು ಸ್ಪರ್ಧೆಗಳಿಗೆ ತಕ್ಕ ಕಾಲ. ಆಮೇಲೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು, ಕಡಲು ತನ್ನ ರೌದ್ರರೂಪವನ್ನು ತಾಳುತ್ತದೆ. ನವೆಂಬರಿನಿಂದ ನೀರು ಶಾಂತವಾಗಿರುವ ತಿಂಗಳುಗಳು ಹೊಸಬರು ಕಲಿಯುವ ಕಾಲ.

ಈ ವಿದ್ಯೆಯ ಮೊದಲ ಪಾಠ ನಿಲ್ಲುವುದಲ್ಲ, ನೋಡುವುದು. ದಡದಲ್ಲಿ ಕುಳಿತು ತೆರೆಗಳು ಎಲ್ಲಿ ಒಡೆಯುತ್ತವೆ, ಎಲ್ಲಿ ಒಡೆಯುವುದಿಲ್ಲ ಎಂದು ಗಮನಿಸಬೇಕು. ಅರಿಯದವರು ತೆರೆಯಿಲ್ಲದ ಜಾಗವನ್ನು ಸುರಕ್ಷಿತವೆಂದು ಭ್ರಮಿಸುತ್ತಾರೆ. ಹಲವೊಮ್ಮೆ ಅಲ್ಲಿಯೇ ದಡಕ್ಕೆ ಬಂದ ನೀರು ಮರಳಿ ಒಳಕ್ಕೆ ಹರಿಯುವ ಸೆಳೆತ ಅಡಗಿರುತ್ತದೆ. ಆ ಸೆಳೆತಕ್ಕೆ ಸಿಕ್ಕವನು ನೇರ ದಡದತ್ತ ಈಜಲು ಹೆಣಗಿ ದಣಿದು ಮುಳುಗುತ್ತಾನೆ. ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಪಕ್ಕಕ್ಕೆ ಈಜಿದರೆ ಸೆಳೆತದಿಂದ ಪಾರಾಗಬಹುದು. ಇಷ್ಟು ಮಾತ್ರದ ತಿಳಿವಳಿಕೆ ಪ್ರತಿಯೊಂದು ಮನೆಯಲ್ಲಿಯೂ ಇದ್ದಿದ್ದರೆ ಎಷ್ಟು ತಾಯಂದಿರ ಕಣ್ಣೀರು ಉಳಿಯುತ್ತಿತ್ತು!

ಒಂದು ದೀಪದಿಂದ ಹಲವು ದೀಪ

ಮೂಲ್ಕಿಯ ದೀಪದಿಂದ ಬೇರೆ ದೀಪಗಳೂ ಹೊತ್ತಿಕೊಂಡವು. ಮಣಿಪಾಲದಲ್ಲಿ ವ್ಯಾಸಂಗ ಮಾಡುತ್ತಿದ್ದ ಮುಂಬಯಿಯ ಇಶಿತಾ ಮಾಳವೀಯ ಮತ್ತು ಅವರ ಒಡನಾಡಿ ತುಷಾರ್ ಪಥಿಯನ್ ಜರ್ಮನಿಯ ವಿದ್ಯಾರ್ಥಿಯೊಬ್ಬನ ಮೂಲಕ ಈ ಆಶ್ರಮದ ಸುದ್ದಿ ತಿಳಿದು ಇಲ್ಲಿಗೆ ಬಂದರು. ಇಬ್ಬರ ನಡುವೆ ಒಂದೇ ಹಲಗೆಯಿಟ್ಟುಕೊಂಡು ಎರಡು ವರ್ಷ ಅಭ್ಯಾಸ ಮಾಡಿದರು. 2007ರಲ್ಲಿ ಅವರು ಸುವರ್ಣಾ ನದಿಯ ಅಳಿವೆಯ ಕೋಡಿ ಬೇಂಗ್ರೆಯಲ್ಲಿ ಶಾಕಾ ಸರ್ಫ್ ಕ್ಲಬ್ ಸ್ಥಾಪಿಸಿ ಮೀನುಗಾರರ ಮಕ್ಕಳಿಗೂ ಆಟ ಕಲಿಸಿದರು. ಇಶಿತಾ ಭಾರತದ ಮೊದಲ ವೃತ್ತಿಪರ ಮಹಿಳಾ ಸರ್ಫರ್ ಎಂದು ಹೆಸರಾದರು.

ಕೇರಳದ ಕೋವಳದಲ್ಲಿ 2005ರಲ್ಲಿ ಬೆಲ್ಜಿಯಮ್ಮಿನ ಯೆಲ್ಲೆ ರಿಗೋಲೆ ಎಂಬವರು ಬಡಮಕ್ಕಳಿಗಾಗಿ ಹುಟ್ಟುಹಾಕಿದ ಸಂಘದ ನಿಯಮವಂತೂ ಬಂಗಾರದ ಅಕ್ಷರಗಳಲ್ಲಿ ಬರೆದಿಡತಕ್ಕದ್ದು: ಶಾಲೆಗೆ ಹೋಗದವನಿಗೆ ಹಲಗೆಯಿಲ್ಲ. ಆಟದ ಆಸೆಗೆ ಶಾಲೆ ಬಿಟ್ಟ ಮಕ್ಕಳ ಕಥೆ ಕೇಳಿದ್ದೇವೆ. ಆಟದ ಆಸೆಯಿಂದಲೇ ಶಾಲೆಗೆ ಮರಳಿದ ಮಕ್ಕಳನ್ನು ಕೋವಳ ತೋರಿಸಿತು. ಕನ್ನಡನಾಡಿನಿಂದ ಹೊಟ್ಟೆಪಾಡಿಗಾಗಿ ಅಲ್ಲಿಗೆ ವಲಸೆ ಹೋದ ಕುಟುಂಬದ ರಮೇಶ್ ಬೂದಿಹಾಳ ಆ ತೀರದಲ್ಲಿಯೇ ಆಟ ಕಲಿತು, 2025ರ ಆಗಸ್ಟಿನಲ್ಲಿ ಮಹಾಬಲಿಪುರದಲ್ಲಿ ಜರಗಿದ ಏಷ್ಯನ್ ಸರ್ಫಿಂಗ್ ಸ್ಪರ್ಧೆಯಲ್ಲಿ ಕಂಚಿನ ಪದಕ ಗಳಿಸಿದರು. ಆ ಸ್ಪರ್ಧೆಯಲ್ಲಿ ಭಾರತೀಯನೊಬ್ಬನಿಗೆ ದೊರೆತ ಪ್ರಥಮ ವೈಯಕ್ತಿಕ ಪದಕವದು.

2011ರಲ್ಲಿ ಭಾರತ ಸರ್ಫಿಂಗ್ ಫೆಡರೇಶನ್ ರೂಪುಗೊಂಡಾಗ ಮೂಲ್ಕಿಯವರು ಅದರ ಮುಂಚೂಣಿಯಲ್ಲಿದ್ದರು. 2016ರ ಮೇ ತಿಂಗಳಲ್ಲಿ ಸಸಿಹಿತ್ಲಿನಲ್ಲಿ ಪ್ರಥಮ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಅನಂತರ ಪಣಂಬೂರು, ತಣ್ಣೀರುಬಾವಿಗಳಲ್ಲಿಯೂ, 2024ರಲ್ಲಿ ಮತ್ತೆ ಸಸಿಹಿತ್ಲಿನಲ್ಲಿಯೂ ಅದು ಜರಗಿತು. ಅತ್ತ ಜಗತ್ತಿನಲ್ಲಿ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಮೊದಲ ಬಾರಿ ಸ್ಥಾನ ದೊರೆಯಿತು. 2024ರ ಪ್ಯಾರಿಸ್ ಒಲಿಂಪಿಕ್ಸಿನ ಸ್ಪರ್ಧೆ ಶಾಂತಸಾಗರದ ತಾಹಿತಿ ದ್ವೀಪದಲ್ಲಿ ನಡೆಯಿತು. ತವರನ್ನು ಕಳೆದುಕೊಂಡಿದ್ದ ಆಟ ತವರಿನ ನೀರಿಗೆ ಗೌರವದೊಡನೆ ಮರಳಿತೆನ್ನಬಹುದು.

ನಮ್ಮೂರ ಹೆಣ್ಣುಮಗಳು ತನ್ವಿ ಜಗದೀಶರ ಹೆಸರನ್ನು ಹೇಳದೆ ಈ ಅಧ್ಯಾಯ ಪೂರ್ತಿಯಾಗದು. ಮೂಲ್ಕಿಯ ನೀರಿನಲ್ಲಿ ಕಲಿತು, ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಸ್ಪರ್ಧೆಯಲ್ಲಿ ರಾಷ್ಟ್ರಮಟ್ಟದ ವಿಜಯ ಸಾಧಿಸಿದ ಆಕೆ 2016ರಲ್ಲಿ ಫಿಜಿ ದ್ವೀಪಗಳಲ್ಲಿ ಜರಗಿದ ವಿಶ್ವಸ್ಪರ್ಧೆಯಲ್ಲಿ ಭಾರತದ ಪ್ರತಿನಿಧಿಯಾದರು. ಹೆಣ್ಣುಮಕ್ಕಳು ಕಡಲದಂಡೆಯಲ್ಲಿ ಮೀನಿನ ಬುಟ್ಟಿಗಾಗಿ ಕಾದು ನಿಲ್ಲುವುದನ್ನು ಮಾತ್ರ ಕಂಡಿದ್ದ ಈ ಊರಿಗೆ, ಕಡಲಿನ ಮೇಲೆ ನಿಂತ ಹೆಣ್ಣುಮಗಳು ಹೊಸ ನೋಟವನ್ನಿತ್ತರು.

ಕೆಲವು ಸಂದೇಹಗಳು

ವಿಶ್ವಾಸಿಗಳಲ್ಲಿ ಕೆಲವರಿಗೆ ಸಂದೇಹಗಳಿವೆ. ಅವನ್ನು ಮುಚ್ಚಿಡುವುದು ತರವಲ್ಲ. ಮೊದಲನೆಯದು, ಅನ್ಯಮತದ ಸನ್ಯಾಸಿಗಳ ಆಶ್ರಮದಲ್ಲಿ ನಮ್ಮ ಮಕ್ಕಳಿಗೇನು ಕೆಲಸವೆಂಬುದು. ಎರಡನೆಯ ವತಿಕಾನ್ ಮಹಾಸಭೆಯು 1965ರಲ್ಲಿ ಕ್ರೈಸ್ತೇತರ ಧರ್ಮಗಳ ಕುರಿತು ಹೊರಡಿಸಿದ ಘೋಷಣೆಯಲ್ಲಿ, ಆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಪವಿತ್ರ ಸಭೆ ತಿರಸ್ಕರಿಸುವುದಿಲ್ಲವೆಂದು ತಿಳಿಸಿದೆ. ನಮ್ಮ ಮಗು ತನ್ನ ಜಪಸರವನ್ನು ಮರೆಯದೆ, ಭಾನುವಾರದ ಬಲಿಪೂಜೆಯನ್ನು ತಪ್ಪಿಸದೆ, ನೆರೆಯವರಿಂದ ಈಜನ್ನೂ ಸಂಯಮವನ್ನೂ ಕಲಿತರೆ ಅದರ ವಿಶ್ವಾಸಕ್ಕೆ ಕುಂದು ಬಾರದು. ಮನೆಯಲ್ಲಿ ಸಂಜೆಯ ತೇರ್ಸು ಇಲ್ಲದಿದ್ದರೆ ಆ ಕೊರತೆಯನ್ನು ಕಡಲತೀರದ ಮೇಲೆ ಹೊರಿಸುವಂತಿಲ್ಲ.

ಎರಡನೆಯದು ಉಡುಪಿನ ಮಾತು. ನೀರಿಗೆ ತಕ್ಕ ಉಡುಪು ಬೇಕು, ಸಭ್ಯತೆಯೂ ಬೇಕು. ಮೈತುಂಬ ಮುಚ್ಚುವ, ಬಿಸಿಲಿನಿಂದಲೂ ಹಲಗೆಯ ತಿಕ್ಕಾಟದಿಂದಲೂ ರಕ್ಷಿಸುವ ಉಡುಪುಗಳನ್ನು ಇಂದು ಕ್ರೀಡಾಳುಗಳೇ ಹೆಚ್ಚಾಗಿ ತೊಡುತ್ತಾರೆ. ಹವಾಯಿಯಲ್ಲಿ ಉಡುಪಿನ ಚಿಂತೆಯಲ್ಲಿ ಒಂದು ಜನಾಂಗದ ಸಂತೋಷ ಅಲಕ್ಷಿತವಾಯಿತು. ಆ ಪಾಠ ನಮಗೆ ಸಾಕು.

ಮೂರನೆಯದು, ಆಟದಿಂದ ಹೊಟ್ಟೆ ತುಂಬೀತೇ ಎಂಬ ಪ್ರಶ್ನೆ. ಎಲ್ಲರಿಗೂ ತುಂಬದು. ಆದರೆ ತರಬೇತುದಾರರಾಗಿ, ಜೀವರಕ್ಷಕರಾಗಿ, ಹಲಗೆ ದುರಸ್ತಿಯ ಕುಶಲಿಗಳಾಗಿ ಕರಾವಳಿಯ ತರುಣರು ಊರಿನಲ್ಲಿಯೇ ದುಡಿಮೆ ಕಂಡುಕೊಳ್ಳುವ ದಾರಿಯೊಂದು ತೆರೆದಿದೆ. ಪ್ರತಿ ವಾಡೆಯಲ್ಲಿಯೂ ಬೀಗ ಹಾಕಿದ ಮನೆಗಳೂ, ಒಂಟಿಯಾದ ವೃದ್ಧರೂ ಹೆಚ್ಚುತ್ತಿರುವಾಗ ಒಬ್ಬ ಮಗನಾದರೂ ಊರಿನಲ್ಲಿ ನಿಲ್ಲಲು ಕಾರಣವಾಗುವ ಯಾವ ಉದ್ಯೋಗವೂ ಸಣ್ಣದಲ್ಲ.

ನಮ್ಮ ಮುಂದಿರುವ ಹೊಣೆ

ಹಾಗೆಂದು ಎಲ್ಲವೂ ಸುಗಮವಾಗಿದೆಯೆಂದು ತಿಳಿಯಬಾರದು. ಸಸಿಹಿತ್ಲಿನ ದಂಡೆಯನ್ನು ಕಡಲ್ಕೊರೆತ ವರ್ಷವರ್ಷವೂ ತಿನ್ನುತ್ತಿದೆ. ಕೊರೆತವನ್ನು ತಡೆಯಲು ಸುರಿಯುವ ಬಂಡೆಗಲ್ಲುಗಳು ಹಿಂದಣ ಮನೆಯನ್ನು ಉಳಿಸಿಯಾವು, ಆದರೆ ಮುಂದಣ ಮರಳನ್ನು ಉಳಿಸಲಾರವು. ಮರಳು ಹೋದರೆ ಬಲೆ ಎಳೆಯುವವರಿಗೂ ಜಾಗವಿಲ್ಲ, ಆಡುವವರಿಗೂ ತೆರೆಯಿಲ್ಲ. ಆದುದರಿಂದ ಮೀನುಗಾರನ ಹಿತವೂ ಕ್ರೀಡಾಳುವಿನ ಹಿತವೂ ಒಂದೇ. ಪ್ರವಾಸಿಗರ ದುಡ್ಡಿನ ಆಸೆಗೆ ಮೀನುಗಾರರ ದಂಡೆಯನ್ನು ಕಸಿದುಕೊಳ್ಳುವ ದಿನ ಬಾರದಂತೆ ನೋಡಿಕೊಳ್ಳುವುದು ಊರವರೆಲ್ಲರ ಕರ್ತವ್ಯ.

ನಮ್ಮ ಧರ್ಮಕೇಂದ್ರದ ಮಟ್ಟಿಗೆ ಒಂದು ಸೂಚನೆಯನ್ನು ವಿನಯದಿಂದ ಮುಂದಿಡುತ್ತೇವೆ. ಶತಮಾನೋತ್ಸವದ ನೆನಪಿಗೆ ಕಲ್ಲಿನ ಕಮಾನುಗಳನ್ನು ಕಟ್ಟುವುದು ಚೆಂದವೇ. ಆದರೆ ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಪ್ರತಿಯೊಂದು ಮಗುವೂ ದೃಢೀಕರಣದ ವಯಸ್ಸಿಗೆ ಬರುವಷ್ಟರಲ್ಲಿ ಈಜನ್ನೂ, ನೀರಿನ ಸೆಳೆತವನ್ನು ಗುರುತಿಸುವುದನ್ನೂ, ಮುಳುಗಿದವನಿಗೆ ಉಸಿರು ಕೊಡುವುದನ್ನೂ ಕಲಿತಿರುವಂತೆ ಮಾಡಿದರೆ ಅದಕ್ಕಿಂತ ಗಟ್ಟಿಯಾದ ಸ್ಮಾರಕ ಇನ್ನೊಂದಿಲ್ಲ. ಕಲಿಸಬಲ್ಲವರು ನಮ್ಮ ನೆರೆಯಲ್ಲಿಯೇ ಇದ್ದಾರೆ. ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಯುವಜನ ಸಂಘದವರು ಹಬ್ಬದ ಸಡಗರ ಮುಗಿದೊಡನೆ, ನೀರು ಶಾಂತವಾಗಿರುವಾಗಲೇ, ಇದನ್ನು ಕೈಗೆತ್ತಿಕೊಳ್ಳಲೆಂದು ಹಾರೈಸುತ್ತೇವೆ.

ಪ್ರಭು ಯೇಸು ತಮ್ಮ ಪ್ರಥಮ ಶಿಷ್ಯರನ್ನು ಕರೆದದ್ದು ಗಲಿಲೇಯದ ನೀರಿನ ದಂಡೆಯಿಂದ. ಬಿರುಗಾಳಿಯಲ್ಲಿ ಪೇತ್ರನು ದೋಣಿಯಿಂದಿಳಿದು ನೀರಿನ ಮೇಲೆ ಹೆಜ್ಜೆಯಿಟ್ಟ ಪ್ರಸಂಗವನ್ನು ನಾವೆಲ್ಲ ಬಲ್ಲೆವು. ಅವನು ಮುಳುಗತೊಡಗಿದ್ದು ಗಾಳಿಯನ್ನು ನೋಡಿ ಹೆದರಿದಾಗ. ಪ್ರಭು ಅವನನ್ನು ದೋಣಿಯಲ್ಲಿಯೇ ಕುಳಿತಿರೆಂದು ತಡೆಯಲಿಲ್ಲ, ಬಾ ಎಂದು ಕರೆದರು, ಮುಳುಗುವಾಗ ಕೈಹಿಡಿದೆತ್ತಿದರು. ತಂದೆತಾಯಂದಿರೂ ಗುರುಗಳೂ ಮಾಡಬೇಕಾದದ್ದು ಇಷ್ಟೇ: ಕರೆಯುವುದು, ಕಲಿಸುವುದು, ಎತ್ತಲು ಕೈಯನ್ನು ಸಿದ್ಧವಾಗಿಟ್ಟಿರುವುದು. ಸಮುದ್ರತಾರೆಯಾದ ಮಾತೆ ಮರಿಯಮ್ಮನವರು ನಮ್ಮ ಕರಾವಳಿಯ ಸಕಲ ಮಕ್ಕಳನ್ನು, ಅವರು ಯಾವ ಮತದವರೇ ಆಗಿರಲಿ, ದೋಣಿಯಲ್ಲಿರಲಿ ಹಲಗೆಯ ಮೇಲಿರಲಿ, ಪ್ರತಿ ಸಂಜೆಯೂ ಸುಖವಾಗಿ ದಡಕ್ಕೆ ಮುಟ್ಟಿಸಲಿ.